ರಿಜಿಸ್ಟರಿನಲ್ಲಿ ಇಲ್ಲದ ಅಜ್ಜ-ಆಯಿಗಳು

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಬಡ್ತಿ ಯಾವಾಗ ಸಿಗುತ್ತದೆ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ ಎಂಬುದು. ಎರಡರಲ್ಲೂ ನಾನು ಜಾಣೆಯಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಮುದುಕರ ವಿಷಯ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವ ವಯಸ್ಸು ನನಗೂ ಬಂದಿರುವುದರಿಂದ ಬರೆದಿಡುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಗದಗ ಕಡೆಯವಳಾದ ನನ್ನನ್ನು ಕೃಷ್ಣೆಯ ದಂಡೆಯ ಒಂದು ಉಪಕೇಂದ್ರಕ್ಕೆ ಹಾಕಿದರು. ಜುಗೂಳದ ಆಸುಪಾಸಿನ ಊರು. ಹೆಸರು ಹೇಳುವುದಿಲ್ಲ, ನಾನು ಅಲ್ಲಿ ಮಾಡಿದ ತಪ್ಪುಗಳನ್ನು ನೆನಪಿಟ್ಟವರು ಇನ್ನೂ ಇದ್ದಾರೆ. ಉಪಕೇಂದ್ರ ಎಂದರೆ ಬಾಡಿಗೆಯ ಒಂದು ಕೋಣೆ, ಒಂದು ಮೇಜು, ಗಾಜಿನ ಸಿರಿಂಜು ಕುದಿಸುವ ಒಂದು ಸ್ಟೋವು ಮತ್ತು ಲೆಕ್ಕವಿಲ್ಲದಷ್ಟು ರಿಜಿಸ್ಟರುಗಳು. ಬಸುರಿಯರದು ಒಂದು, ಬಾಣಂತಿಯರದು ಒಂದು, ಕೂಸುಗಳದು ಒಂದು, ಕುಟುಂಬ ಯೋಜನೆಯ ಆಪರೇಶನ್ನಿಗೆ ಒಪ್ಪಬೇಕಾದ ದಂಪತಿಗಳದು ಮತ್ತೊಂದು. ಒಬ್ಬ ಹೆಂಗಸು ಬಸುರಾದಾಗ ನಮ್ಮ ಪುಸ್ತಕದೊಳಗೆ ಬರುತ್ತಿದ್ದಳು, ಕೊನೆಯ ಮಗು ಲಸಿಕೆ ಮುಗಿಸಿದಾಗ ಹೊರಗೆ ಬೀಳುತ್ತಿದ್ದಳು. ಆಮೇಲೆ ನಲವತ್ತು ವರ್ಷ ಬದುಕಿದರೂ ಅವಳ ಬಗ್ಗೆ ಬರೆಯಲು ನಮ್ಮಲ್ಲಿ ಒಂದು ಗೆರೆಯೂ ಇರಲಿಲ್ಲ.

ಆದರೆ ಲಸಿಕೆ ಹಾಕಲು ಹೋದರೆ ಕೂಸನ್ನು ತೊಡೆಯ ಮೇಲೆ ಹಿಡಿದು ಕೂರುವವಳು ಅಜ್ಜಿ. ಈ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಕೂಸು ಅತ್ತು ಮುಗಿಸಿದ ಮೇಲೆ ಆಯಿ ತನ್ನ ತೋಳು ಚಾಚಿ ತನಗೂ ಒಂದು ಸೂಜಿ ಮಾಡಿ ಎನ್ನುತ್ತಿದ್ದಳು. ಯಾವ ರೋಗಕ್ಕೆ ಎಂದರೆ, ಯಾವುದಕ್ಕಾದರೂ ಆಗಲಿ, ಸೂಜಿ ಸೂಜಿಯೇ ಅಲ್ಲವೇ ಎಂಬ ಉತ್ತರ. ಅವರಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಬಾಯಿಮಾತು ಮಾತ್ರ.

ಆ ಬಾಯಿಮಾತೂ ಮೊದಮೊದಲು ಕೈಕೊಟ್ಟಿತು. ಒಬ್ಬ ಆಯಿ ಗೋಡೆಗೆ ಒರಗಿ ಕೂತು, ಮೂರು ದಿನದಿಂದ ತಾಪ ಬಹಳ ಆಗಿದೆ ಎಂದರು. ಪಕ್ಕದಲ್ಲೇ ಸೊಸೆ ನಿಂತಿದ್ದಳು. ನಾನು ಎಲ್ಲ ಅರ್ಥವಾದವಳಂತೆ ತಲೆಯಾಡಿಸಿ, ಮನೆ ಎಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ಸೊಸೆಯೂ ಯಾರದೋ ಮಗಳು, ಹೊಂದಿಕೊಂಡು ಹೋಗಬೇಕು ಎಂದು ಬಹಳ ಹೊತ್ತು ಬುದ್ಧಿ ಹೇಳಿದೆ. ಸೊಸೆ ನನ್ನನ್ನೂ ಅತ್ತೆಯನ್ನೂ ಮಿಕಿಮಿಕಿ ನೋಡಿದಳು. ಆಯಿ ಸಾವಕಾಶವಾಗಿ ನನ್ನ ಕೈ ಹಿಡಿದು ತನ್ನ ಹಣೆಯ ಮೇಲಿಟ್ಟುಕೊಂಡರು. ಹಣೆ ಹೆಂಚಿನಂತೆ ಕಾದಿತ್ತು. ಮರಾಠಿ ಬೆರೆತ ಆ ಸೀಮೆಯಲ್ಲಿ ತಾಪ ಎಂದರೆ ಮನಸ್ಸಿನ ಬೇಗೆಯಲ್ಲ, ಜ್ವರ ಎಂದು ನಾನು ಕಲಿತದ್ದು ಹೀಗೆ. ಜ್ವರ ಇಳಿದ ಮೇಲೆ ಆ ಅತ್ತೆ-ಸೊಸೆ ನನ್ನನ್ನು ಆಡಿಕೊಳ್ಳುವುದರಲ್ಲಿ ಎಷ್ಟು ಒಂದಾದರು ಎಂದರೆ, ನನ್ನ ಬುದ್ಧಿಮಾತು ಫಲಿಸಿತೆಂದೇ ಹೇಳಬೇಕು.

ಅದೇ ಊರಿನಲ್ಲಿ ಭರಮಪ್ಪಜ್ಜ ಎಂಬ ಹಳೆಯ ಪೈಲ್ವಾನರಿದ್ದರು. ಕುಸ್ತಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ತಾಲೀಮಿನ ಕಟ್ಟೆಯ ಮೇಲೆ ಕೂತು ಎಲ್ಲರ ಪಟ್ಟುಗಳ ತಪ್ಪು ಹುಡುಕುತ್ತಿದ್ದರು. ಒಂದು ದಿನ ತಲೆ ಸಿಡಿಯುತ್ತಿದೆ ಎಂದು ಬಂದರು. ಬಸುರಿಯರಿಗೆಂದು ಕೊಟ್ಟಿದ್ದ ಬಿ.ಪಿ. ಯಂತ್ರದ ಪಟ್ಟಿ ಅವರ ತೋಳಿಗೆ ಸುತ್ತಲು ಸಾಲಲಿಲ್ಲ. ಅದೇ ಅವರಿಗೆ ದೊಡ್ಡ ಬಿರುದು ಸಿಕ್ಕಂತಾಯಿತು. ಹೇಗೋ ಬಿಗಿದು ನೋಡಿದರೆ ಪಾದರಸ ಮೇಲೆಯೇ ನಿಂತಿತು. ದವಾಖಾನೆಗೆ ಕಳಿಸಿದೆ. ಡಾಕ್ಟರು ಒಂದು ತಿಂಗಳಿಗಾಗುವಷ್ಟು ಗುಳಿಗೆ ಕೊಟ್ಟರು. ಗುಳಿಗೆ ಬಹಳ ಚೆನ್ನಾಗಿದೆ, ಬಿಡದೆ ತೆಗೆದುಕೊಳ್ಳಿ ಎಂದು ನಾನೂ ಹೊಗಳಿದೆ.

ಹತ್ತೇ ದಿನಕ್ಕೆ ಗುಳಿಗೆ ಮುಗಿದವೆಂದು ಬಂದರು. ವಿಚಾರಿಸಿದರೆ, ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ತಾವೊಂದು ನುಂಗಿ ಇಬ್ಬರು ಗೆಳೆಯರಿಗೆ ಒಂದೊಂದು ಕೊಟ್ಟಿದ್ದರು.

"ಚಲೋ ವಸ್ತು ಅಂತ ನೀವs ಅಂದ್ರಿ. ಮಂದಿ ಮುಂದ ಕುಂತ ಒಬ್ಬನs ತಿನ್ನಾಕ ಮನಸ ಒಪ್ಪಲಿಲ್ರಿ" ಎಂದರು.

ಆ ಗೆಳೆಯರಲ್ಲಿ ಒಬ್ಬರು ಕಡ್ಡಿಯಂತೆ ಸಣಕಲು. ಇವರ ಗುಳಿಗೆ ನುಂಗಿ ನುಂಗಿ ಹಿಂದಿನ ದಿನವಷ್ಟೇ ಕಣ್ಣು ಕತ್ತಲೆ ಬಂದು ಕಟ್ಟೆಯಿಂದ ಕುಸ್ತಿಯ ಕಣದೊಳಕ್ಕೆ ಉರುಳಿದ್ದರು. ಕೆಂಪು ಮಣ್ಣು ಮೆತ್ತಗಿದ್ದುದರಿಂದ ಉಳಿದುಕೊಂಡರು. ನಾನು ಗಾಬರಿಯಾಗಿ ಓಡಿಹೋಗಿ ನೋಡಿದರೆ, ಹುಟ್ಟಿದಂದಿನಿಂದ ಈಗಲೇ ಕಣಕ್ಕಿಳಿದದ್ದು ಎಂದು ಆ ಅಜ್ಜ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಕಲ್ಲಿನ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಇಂದಿಗೂ ಯೋಚಿಸುತ್ತೇನೆ. ಗುಳಿಗೆ ಚಪ್ಪಲಿ ಇದ್ದ ಹಾಗೆ, ಒಬ್ಬರ ಅಳತೆಯದು ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಅಂದು ಕಟ್ಟೆಯ ಮೇಲೆ ನಿಂತು ಹೇಳಿದೆ. ಆಮೇಲೆ ಭರಮಪ್ಪಜ್ಜ ದಿನಾ ಎಲ್ಲರೆದುರು ಗುಳಿಗೆಯನ್ನು ಮೇಲೆತ್ತಿ ತೋರಿಸಿ ಒಬ್ಬರೇ ನುಂಗುತ್ತಿದ್ದರು, ಸುತ್ತಲಿನವರು ನೋಡುತ್ತಿದ್ದರು. ಒಂದು ದಿನವೂ ಮರೆಯಲಿಲ್ಲ, ನೋಡುವವರಿದ್ದರಲ್ಲ.

ನಮ್ಮ ಮೇಲೆ ಒಬ್ಬ ಆರೋಗ್ಯ ಸಂದರ್ಶಕಿ ಇದ್ದರು. ಆ ಕಡೆ ನರ್ಸುಗಳಿಗೆ ಬಾಯಾರು ಎನ್ನುತ್ತಾರೆ, ಅವರನ್ನು ಎಲ್ಲರೂ ದೊಡ್ಡ ಬಾಯಾರು ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಕೆಂಪು ಪೆನ್ಸಿಲ್ ಹಿಡಿದು ನಮ್ಮ ರಿಜಿಸ್ಟರುಗಳನ್ನು ಕೊಲ್ಲುತ್ತಿದ್ದರು. ಭರಮಪ್ಪಜ್ಜನ ಕಥೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಈ ಮುದುಕರನ್ನ ಯಾವ ಕಾಲಂನಾಗ ಬರೀತಿ?"

ಎರಡು ವರ್ಷಕ್ಕೆ ನನ್ನನ್ನು ಶೇಡಬಾಳದಿಂದ ಮುಂದಿನ ಒಂದು ಊರಿಗೆ ಹಾಕಿದರು. ದೊಡ್ಡ ಬಾಯಾರೂ ಅವರ ಪೆನ್ಸಿಲ್ಲೂ ಅಲ್ಲಿಗೂ ಬಂದವು. ಪದ್ಮವ್ವ ಆಯಿ ನನಗೆ ಸಿಕ್ಕಿದ್ದು ಅಲ್ಲಿ. ಜೈನರ ಒಕ್ಕಲು ಮನೆತನ, ದ್ರಾಕ್ಷಿ ತೋಟ, ಕಬ್ಬು, ಐದು ಕಂಬಗಳ ಪಡಸಾಲೆ. ಆಯಿಗೆ ಎಪ್ಪತ್ತು ದಾಟಿತ್ತು. ಬೆಳಿಗ್ಗೆ ಎದ್ದು ತಾವೇ ಸ್ನಾನ ಮಾಡಿ, ಅಕ್ಕಿ ಹಿಡಿದು ಬಸದಿಗೆ ಹೋಗಿ ಬಂದ ಮೇಲೆಯೇ ಬಾಯಿಗೆ ನೀರು. ಹೊತ್ತು ಮುಳುಗುವ ಮೊದಲೇ ಊಟ. ಮಗ ಅಣ್ಣಾಸಾಬ, ಸೊಸೆ ಸುನಂದಾ. ಅತ್ತೆಯ ಕೈಯಿಂದ ಕಸಬರಿಗೆ ಕಸಿದುಕೊಳ್ಳಬೇಕೆಂದರೆ ಪೊಲೀಸರು ಬೇಕು ಎಂದು ಸುನಂದಾ ಹೇಳುತ್ತಿದ್ದಳು.

ಒಂದು ಮಳೆಗಾಲದಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದರು. ಅಣ್ಣಾಸಾಬ ಅವರನ್ನು ಜೀಪಿನಲ್ಲಿ ಮಿರಜಿಗೆ ಒಯ್ದು ಫೋಟೋ ತೆಗೆಸಿದ. ಎಲುಬು ಮುರಿದಿರಲಿಲ್ಲ, ಸೊಂಟಕ್ಕೆ ಒಳಪೆಟ್ಟು. ಡಾಕ್ಟರು ಬರೆದ ಇಂಗ್ಲಿಷ್ ಚೀಟಿಯನ್ನು ಓದಿ ಹೇಳಲು ನನ್ನ ಬಳಿ ತಂದ. ಮೊದಲ ಸಾಲಿನಲ್ಲಿ ಒಂದು ವಾರ ವಿಶ್ರಾಂತಿ ಎಂದಿತ್ತು. ಎರಡನೆಯ ಸಾಲಿನಲ್ಲಿ, ಆಮೇಲೆ ಮೆಲ್ಲಗೆ ನಡೆಸಬೇಕು ಎಂದಿತ್ತು. ನಾನು ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. ಎರಡನೆಯದನ್ನು ವಾರ ಕಳೆದ ಮೇಲೆ ಹೇಳಿದರಾಯಿತು, ಈಗಲೇ ಹೇಳಿದರೆ ಈ ಹಟದ ಆಯಿ ನಾಳೆಯೇ ಎದ್ದು ಓಡುತ್ತಾರೆ ಎಂದುಕೊಂಡೆ. "ನಾ ಹೇಳೂತನಕ ಆಯಿನ್ನ ಮಂಚದ ಕೆಳಗ ಇಳಿಸಬ್ಯಾಡ್ರಿ" ಎಂದು ಅಧಿಕಾರದಿಂದ ಹೇಳಿದೆ.

ಆಗ ನಾನು ತುಂಬಿದ ಬಸುರಿ. ನಾಲ್ಕನೆಯ ದಿನ, ದಿನ ತುಂಬುವ ಮೊದಲೇ ಸಣ್ಣಗೆ ನೋವು ಕಾಣಿಸಿಕೊಂಡು ಅವಸರದಲ್ಲಿ ತವರಿಗೆ ಹೋದೆ. ಹೆರಿಗೆ, ಬಾಣಂತನ, ರಜೆ ಎಲ್ಲ ಮುಗಿಸಿ ಮರಳುವಾಗ ನಾಲ್ಕು ತಿಂಗಳಾಗಿತ್ತು. ನಿಜ ಹೇಳುತ್ತೇನೆ, ಆ ನಾಲ್ಕು ತಿಂಗಳಲ್ಲಿ ಪದ್ಮವ್ವ ಆಯಿ ನನಗೆ ಒಮ್ಮೆಯೂ ನೆನಪಾಗಲಿಲ್ಲ.

ಬಂದ ಮೂರನೆಯ ದಿನ ಕೂಸನ್ನು ಎತ್ತಿಕೊಂಡು ಅವರ ಮನೆಗೆ ಹೋದೆ. ಪಡಸಾಲೆಯ ಮಂಚದ ಮೇಲೆ ಹೊಸ ಗಾದಿ, ನಾಲ್ಕು ದಿಂಬು, ನಡುವೆ ಆಯಿ. ಅಣ್ಣಾಸಾಬ ಹೆಮ್ಮೆಯಿಂದ ಬೀಗುತ್ತಿದ್ದ. ನೀವು ಹೇಳಿದಂತೆ ಒಂದು ದಿನವೂ ಅವ್ವನ ಕಾಲು ನೆಲಕ್ಕೆ ತಾಗಿಸಿಲ್ಲ, ಊಟ, ಸ್ನಾನ, ಎಲ್ಲ ಕೂತಲ್ಲೇ ಎಂದ. ಬಸದಿಯಿಂದ ಅಭಿಷೇಕದ ಗಂಧೋದಕ ಕೂಡ ಮಂಚಕ್ಕೇ ಬರುತ್ತಿತ್ತು. ನಾನು ಕೌದಿ ಸರಿಸಿದೆ. ತೊಡೆಯ ಮಾಂಸವೆಲ್ಲ ಕರಗಿ ಚರ್ಮ ಜೋತುಬಿದ್ದಿತ್ತು. ಹಿಮ್ಮಡಿಯಲ್ಲಿ ಕೆಂಪಗೆ ಹುಣ್ಣು ಏಳುತ್ತಿತ್ತು. ನೆಲಕ್ಕೆ ಕಾಲು ಬಿಡಿಸಿ ನಿಲ್ಲಿಸಲು ನೋಡಿದರೆ ಮೊಣಕಾಲು ಬಟ್ಟೆಯಂತೆ ಮಡಿಚಿಕೊಂಡವು.

ಆಯಿ ನನ್ನ ಕೂಸಿನ ಕೆನ್ನೆ ಮುಟ್ಟಿ, ಆಮೇಲೆ ನನ್ನ ಮುಖ ನೋಡಿದರು.

"ನಿನ್ನ ಹಾದಿ ನೋಡಾಕತ್ತಿದ್ನಿ, ತಂಗಿ. ನಾ ಹೇಳೂತನಕ ಇಳೀಬ್ಯಾಡ ಅಂದ ಹೋದಿ. ಇಳದಿಲ್ಲ ನೋಡು."

ಸೇವೆಯಲ್ಲಿ ಮೇಲಿನವರಿಂದ ಬೈಸಿಕೊಂಡದ್ದು ಬೇಕಾದಷ್ಟಿದೆ, ಒಂದೂ ನೆನಪಿಲ್ಲ. ಆಯಿ ಬೈಯಲಿಲ್ಲ. ಆ ಮಾತು ಮಾತ್ರ ಹೋಗಿಲ್ಲ.

ತಪ್ಪು ನನ್ನದು, ಚೀಟಿಯ ಎರಡನೆಯ ಸಾಲನ್ನು ನಾನು ಹೇಳಲಿಲ್ಲ ಎಂದು ಮಗ-ಸೊಸೆಯ ಎದುರು ಒಪ್ಪಿಕೊಂಡೆ. ಅಣ್ಣಾಸಾಬ ನಂಬಲೇ ಇಲ್ಲ. ವಿಶ್ರಾಂತಿಯಿಂದ ಯಾರಿಗಾದರೂ ಕೆಟ್ಟದ್ದಾದೀತೇ, ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದು ನನಗೇ ಸಮಾಧಾನ ಹೇಳಿದ. ನಮ್ಮ ಆಗಿನ ಡಾಕ್ಟರು, ಈ ವಯಸ್ಸಿನಲ್ಲಿ ಇನ್ನೆಲ್ಲಿಗೆ ನಡೆದು ಹೋಗಬೇಕಾಗಿದೆ ಅವರಿಗೆ ಎಂದರು. ಕಡೆಗೆ ಹೆದರುತ್ತಲೇ ದೊಡ್ಡ ಬಾಯಾರಿಗೆ ಹೇಳಿದೆ. ಅವರು ಮೊದಲು ನನ್ನನ್ನು ಚೆನ್ನಾಗಿ ಬೈದರು. ಆಮೇಲೆ ಕಾಲಂ ಗೀಲಂ ಏನೂ ಕೇಳದೆ ಪೆನ್ಸಿಲ್ಲನ್ನು ಚೀಲದೊಳಗೆ ಹಾಕಿ, ನಡಿ ಆ ಮನೆಗೆ ಎಂದರು.

ಅವರು ಹಳೆಯ ಕಾಲದ ತರಬೇತಿಯವರು. ಆಯಿಯನ್ನು ಮಂಚದ ಅಂಚಿಗೆ ಸರಿಸಿ, ಪಾದಗಳನ್ನು ಮೊಣಕಾಲಿನ ಹಿಂದಕ್ಕೆ ಎಳೆದಿಟ್ಟು, ಮುಂದಕ್ಕೆ ಬಾಗಿ ಎಂದರು. ಅಣ್ಣಾಸಾಬ ಧಾವಿಸಿ ಬಂದು ತಾಯಿಯ ಕಂಕುಳಿಗೆ ಕೈ ಹಾಕಿದ. ದೊಡ್ಡ ಬಾಯಾರು ಅವನ ಕೈಗೆ ಫಟ್ಟನೆ ಹೊಡೆದರು. "ನೀವು ಎತ್ತಬ್ಯಾಡ್ರಿ. ಆಕಿ ತಾನs ಏಳಬೇಕು. ಬೀಳದಂಗ ನೋಡ್ಕೊಳ್ಳೂದಷ್ಟs ನಮ್ಮ ಕೆಲಸ" ಎಂದರು. ನನಗೂ ಅದೇ ಮೊದಲ ಪಾಠ. ಅಲ್ಲಿಯವರೆಗೆ ಆರೈಕೆ ಎಂದರೆ ಎತ್ತುವುದು ಎಂದೇ ನಾನು ತಿಳಿದಿದ್ದೆ.

ಮೊದಲ ದಿನ ಆಯಿಯ ಸೊಂಟ ಗಾದಿಯಿಂದ ಮೇಲೇಳಲಿಲ್ಲ. ನಾಲ್ಕನೆಯ ದಿನ ಎದ್ದರು, ನಡುಗಿ ಕೂತರು. ದಿನಕ್ಕೆ ಹತ್ತು ಸಲ ಏಳುವುದು ಕೂರುವುದು, ಜೊತೆಗೆ ಹಾಲು, ಬೇಳೆ, ನೆನೆಸಿದ ಕಾಳು. ತಾಯಿಯ ಮುಖ ಹಿಂಡಿದಾಗಲೆಲ್ಲ ಅಣ್ಣಾಸಾಬನ ಕಣ್ಣಲ್ಲಿ ನೀರು. ಅವನಿದ್ದರೆ ಕೆಲಸ ಆಗುವುದಿಲ್ಲವೆಂದು ನಾನು ಹೋದ ಹೊತ್ತಿಗೆ ಅವನನ್ನು ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯಲು ಕಳಿಸುತ್ತಿದ್ದೆವು. ಆ ವರ್ಷ ಆ ತೋಟಕ್ಕೆ ಬಿದ್ದಷ್ಟು ಔಷಧ ಸುತ್ತಮುತ್ತ ಯಾವ ತೋಟಕ್ಕೂ ಬಿದ್ದಿರಲಿಕ್ಕಿಲ್ಲ.

ನಿಲ್ಲುವುದು ಬಂದ ಮೇಲೆ ಊರುಗೋಲಿನ ಪ್ರಶ್ನೆ ಬಂತು. ತಾಯಿ-ಮಗ ಇಬ್ಬರೂ ಬೇಡವೆಂದರು. ತಾಯಿಯನ್ನು ಹಿಡಿಯಲು ಮನೆಯಲ್ಲಿ ಕೈಗಳಿಲ್ಲವೇ ಎಂದು ಜನ ಕೇಳುತ್ತಾರೆ ಎಂದು ಮಗನ ಚಿಂತೆ. ಕೋಲು ಹಿಡಿಯಲು ತಾನೇನು ಮುದುಕಿಯೇ ಎಂದು ತಾಯಿಯ ಪ್ರಶ್ನೆ. ಸರಿ, ಪಡಸಾಲೆಯ ಕಂಬಗಳನ್ನೇ ಹಿಡಿದು ನಡೆಸಿದೆವು. ಮಂಚದಿಂದ ಮೊದಲ ಕಂಬಕ್ಕೆ ಒಂದು ವಾರ. ಎರಡನೆಯದಕ್ಕೆ ಇನ್ನೊಂದು. ಮೂರನೆಯ ಕಂಬದ ಹತ್ತಿರ ಒಮ್ಮೆ ಮೊಣಕಾಲು ಸೋತು ದೊಪ್ಪನೆ ಕೂತುಬಿಟ್ಟರು. ಪೆಟ್ಟಾಗಲಿಲ್ಲ, ಅಂಜಿಕೆ ಹೊಕ್ಕಿತು. ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದರು, ಕಾಲು ಇಳಿಸಲಿಲ್ಲ.

ಮೂರನೆಯ ದಿನ ನಾನು ಪಕ್ಕದಲ್ಲಿ ಕೂತು ಬಸದಿಯ ಆಸೆ ತೋರಿಸಿದೆ. ನಡೆಯುವುದು ಬಂದರೆ ನೀವೇ ಹೋಗಿ ದರ್ಶನ ಮಾಡಬಹುದಲ್ಲ ಎಂದೆ. ಸುನಂದಾ ನೀರು ತರಲು ಹೋಗಿದ್ದಳು. ಆಯಿ ಅವಳು ಹೋದ ಕಡೆ ನೋಡಿ, ದನಿ ತಗ್ಗಿಸಿದರು.

"ದೇವರ ಕಾಯತಾನ ತಂಗಿ. ನನಗ ಮೊದಲ ನನ್ನ ಜಳಕಾ ನಾ ಮಾಡ್ಕೋಬೇಕು. ನಾಕ ತಿಂಗಳ ಮ್ಯಾಲಾತು, ಸೊಸಿ ಮುಂದ ಬರೇ ಮೈಲೆ ಕುಂದರತೇನಿ. ಆಕಿ ಚಲೋಕಿ, ಒಂದ ಮಾತ ಅಂದಿಲ್ಲ. ಆದ್ರೂ."

ಅಷ್ಟು ಹೇಳಿ ಅವರೇ ಮಂಚದಿಂದ ಕಾಲು ಇಳಿಬಿಟ್ಟರು.

ಅಂದೇ ನಾನು ಆ ಬಚ್ಚಲನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಗೇಣೆತ್ತರದ ಹೊಸ್ತಿಲು, ಕನ್ನಡಿಯಂತೆ ನುಣುಪಾದ ಶಹಾಬಾದ ಕಲ್ಲು, ಮೂಲೆಯಲ್ಲಿ ಹಾವಸೆ, ದೀಪವಿಲ್ಲ, ನೀರಿನ ಹಂಡೆ ಬೆನ್ನ ಹಿಂದೆ. ಇಲ್ಲಿ ಜಾರದೆ ಇರುವುದೇ ಆಶ್ಚರ್ಯ ಎಂದು ಅಣ್ಣಾಸಾಬನಿಗೆ ವಿವರಿಸುತ್ತಲೇ ನಾನು ಜಾರಿ ಕುಂಡಿ ಊರಿ ಕೂತೆ. ಹೇಳಿಕೆಗಿಂತ ಅದು ಹೆಚ್ಚು ಪರಿಣಾಮ ಮಾಡಿತು. ಮರುದಿನವೇ ಗೌಂಡಿ ಬಂದು ಬೀಸುಕಲ್ಲಿಗೆ ಉಳಿಪೆಟ್ಟು ಹಾಕಿದಂತೆ ನೆಲವನ್ನೆಲ್ಲ ಒರಟು ಮಾಡಿದ. ಹೊಸ್ತಿಲಿನ ಹೊರಗೆ ಒಂದು ಮೆಟ್ಟಿಲು, ಕೂರಲು ಮಣೆಗಿಂತ ಎತ್ತರದ ಕಲ್ಲು, ಒಂದು ಬಲ್ಬು, ಹಂಡೆ ಬಲಗೈಗೆ ಬಂತು. ಹಿಡಿದುಕೊಳ್ಳಲು ಗೋಡೆಗೆ ಒಂದು ಪೈಪು ಹಾಕಿಸಿ ಎಂದಿದ್ದೆ, ಅಣ್ಣಾಸಾಬ ಮೂರು ಹಾಕಿಸಿದ. ಒಳಗೆ ಹೋದರೆ ಬಸ್ಸಿನೊಳಗೆ ನಿಂತಂತೆ ಕಾಣುತ್ತಿತ್ತು.

ಅಲ್ಲಿಂದ ನನಗೆ ಬಚ್ಚಲಿನ ಹುಚ್ಚು ಹಿಡಿಯಿತು. ತೊಂಬತ್ತರ ದಶಕದಲ್ಲಿ ರಾಯಬಾಗದ ಕಡೆ ಇದ್ದಾಗ, ವಯಸ್ಸಾದವರಿರುವ ಮನೆಗೆ ಹೋದ ಕೂಡಲೇ ಬಚ್ಚಲು ಎಲ್ಲಿದೆ ಎಂದು ಕೇಳುತ್ತಿದ್ದೆ. ಪಾಪ, ಬಾಯಾರಿಗೆ ಅವಸರವಾಗಿದೆ ಎಂದು ಅವರು ತಂಬಿಗೆಯಲ್ಲಿ ನೀರು ತಂದು ಕೈಗೆ ಕೊಡುತ್ತಿದ್ದರು. ಅಷ್ಟರಲ್ಲಿ ಗಾಜಿನ ಸಿರಿಂಜು ಹೋಗಿ ಒಮ್ಮೆ ಬಳಸಿ ಎಸೆಯುವ ಸೂಜಿ ಬಂದಿತ್ತು. ಬಿದ್ದವರನ್ನು ಬೇಗ ಎಬ್ಬಿಸಿ ನಡೆಸಿ ಎಂದು ಹೇಳುವ ಹೊಸ ಡಾಕ್ಟರುಗಳೂ ಬಂದಿದ್ದರು. ಮುದುಕರ ಕಾಲಂ ಮಾತ್ರ ನಾನು ನಿವೃತ್ತಳಾಗುವವರೆಗೆ ಬರಲಿಲ್ಲ.

ಪದ್ಮವ್ವ ಆಯಿಯ ಬಚ್ಚಲಿಗೆ ಮರಳುತ್ತೇನೆ. ಎಲ್ಲ ಸಿದ್ಧವಾದ ಮೇಲೆ ಅಣ್ಣಾಸಾಬ ಬಾಗಿಲಿನ ಒಳಚಿಲಕವನ್ನು ಕಿತ್ತುಹಾಕಿದ. ಅವ್ವ ಒಳಗೆ ಬಿದ್ದರೆ ತಾನು ಹೇಗೆ ತೆಗೆಯುವುದು ಎಂದು ಅವನ ವಾದ. ಚಿಲಕವಿಲ್ಲದ ಬಚ್ಚಲಿಗೆ ಕಾಲಿಡುವುದಿಲ್ಲ ಎಂದು ಆಯಿಯ ಹಟ. ಇಬ್ಬರೂ ಹೇಳುವುದು ಸರಿಯೇ. ಎರಡು ದಿನ ತಾಯಿ-ಮಗ ಮಾತು ಬಿಟ್ಟರು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು, ಅವ್ವನಿಗೆ ಹೇಳ್ರಿ, ಅವನಿಗೆ ಹೇಳು ಎಂದು ನನ್ನ ಕೈಯಲ್ಲಿ ಟಪಾಲು ಹಂಚಿಸಿದರು. ಕಡೆಗೆ ಬಡಿಗ ಒಂದು ತೆಳ್ಳಗಿನ ಕಟ್ಟಿಗೆಯ ಚಿಲಕ ಮಾಡಿ, ಸಣ್ಣ ಮೊಳೆಯಲ್ಲಿ ಕೂರಿಸಿ, ಗಂಡಸು ಭುಜ ಕೊಟ್ಟು ದೂಡಿದರೆ ಕಿತ್ತು ಬರುತ್ತದೆ ಎಂದ. ಆಯಿ ಮಗನನ್ನೇ ಒಳಗೆ ಕಳಿಸಿ, ಚಿಲಕ ಹಾಕಿಸಿ, ಹೊರಗಿನಿಂದ ಎರಡೂ ಕೈಯಿಂದ ದೂಡಿ ನೋಡಿದರು. ಬಾಗಿಲು ಅಲ್ಲಾಡಲಿಲ್ಲ. ಗಟ್ಟಿ ಇದೆ ಎಂದು ಒಪ್ಪಿದರು. ಆಮೇಲೆ ಅಣ್ಣಾಸಾಬ ಹೊರಗೆ ಬಂದು ಬಡಿಗನನ್ನು ಒಳಗೆ ನಿಲ್ಲಿಸಿ ಭುಜ ಕೊಟ್ಟ. ಚಿಲಕ ಕಿತ್ತು ಬಡಿಗನ ಹೊಟ್ಟೆಗೆ ಬಡಿಯಿತು. ಅಣ್ಣಾಸಾಬನೂ ಒಪ್ಪಿದ. ಮತ್ತೆ ಮೊಳೆ ಹೊಡೆಸಿದೆವು.

ಆಯಿ ಬಸದಿಗೆ ನಡೆದು ಹೋಗಲು ಇನ್ನೂ ಎರಡು ತಿಂಗಳು ಬೇಕಾಯಿತು. ಆಮೇಲೆ ಎಷ್ಟೋ ವರ್ಷ ಹೋದರು, ಕೋಲನ್ನೂ ಹಿಡಿದರು, ಅದನ್ನು ನಾಯಿಗಳಿಗೋಸ್ಕರ ಎಂದು ಹೇಳುತ್ತಿದ್ದರು. ಆದರೆ ನನಗೆ ಕಣ್ಣಿಗೆ ಕಟ್ಟಿದಂತೆ ನಿಂತಿರುವುದು ಅವರು ಸ್ನಾನಕ್ಕೆ ಹೋದ ಬೆಳಗು.

ಸುನಂದಾ ಬಿಸಿನೀರು ತೋಡಿಟ್ಟು ಹೊರಗೆ ಬಂದಳು. ಆಯಿ ಒಣಗಿದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕಂಬದಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ ಕೈ ಬದಲಿಸುತ್ತ ಹೋದರು. ಮೆಟ್ಟಿಲು ಹತ್ತಿದರು, ಹೊಸ್ತಿಲು ದಾಟಿದರು. ಬಾಗಿಲು ಮುಚ್ಚಿತು, ಚಿಲಕ ಬಿದ್ದ ಸದ್ದು ಕೇಳಿತು. ನಾವು ಮೂವರು ಹೊರಗೆ ನಿಂತೆವು. ಒಂದು ತಂಬಿಗೆ ನೀರು ಬಿದ್ದ ಸದ್ದು. ಎರಡು. ಮೂರು. ಆಮೇಲೆ ಏನೂ ಇಲ್ಲ. ಅಣ್ಣಾಸಾಬ ಒಂದು ಹೆಜ್ಜೆ ಮುಂದೆ ಬಂದ. ಸುನಂದಾ ಅವನ ಅಂಗಿಯ ತುದಿ ಹಿಡಿದಳು. ಇನ್ನೂ ಸದ್ದಿಲ್ಲ. ಅವನು ಭುಜ ಬಾಗಿಲ ಕಡೆ ತಿರುಗಿಸಿದ. ನಾನು ಬೇಡವೆಂದು ಕೈ ಮಾಡಿ, ನಾನೇ ಬಾಗಿಲಿಗೆ ಕಿವಿ ಹಚ್ಚಿದೆ. ಒಳಗಿನಿಂದ ಮತ್ತೆ ನೀರು ಬಿತ್ತು. ಮೈ ತಿಕ್ಕಿಕೊಳ್ಳಲು ಅಷ್ಟು ಹೊತ್ತು ಹಿಡಿದಿತ್ತು, ಅಷ್ಟೇ.

ಬಾಗಿಲು ತೆರೆಯಿತು. ಆಯಿ ಸೀರೆ ಉಟ್ಟು, ಸೆರಗು ಸರಿಮಾಡಿಕೊಂಡು, ಪೈಪು ಹಿಡಿದು ನಿಂತಿದ್ದರು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ಒಬ್ಬರ ಹಿಂದೊಬ್ಬರು ನಿಂತಿದ್ದ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು.

"ಏನ ಪಾಳಿ ಹಚ್ಚಿ ನಿಂತೀರಿ?" ಎಂದರು. "ನಿಮ್ಮೆಲ್ಲಾರದೂ ಜಳಕಾ ಇನ್ನಾ ಆಗಿಲ್ಲೇನು?"